ಗೋವಿಂದ ಮಾವನ ಗಿಟಾರಿಗೆ ದನಿ ಕೊಟ್ಟ ಹಂಡೆ

ಪಾತ್ರೆ ಅಂಗಡಿಗೆ ಹೋದರೆ ಬೇಕಾದ್ದನ್ನು ಕೊಂಡು ಸುಮ್ಮನೆ ಬರುವುದು ನನ್ನಿಂದ ಆಗುವುದಿಲ್ಲ. ತಾಮ್ರದ್ದೋ ಹಿತ್ತಾಳೆಯದ್ದೋ ದೊಡ್ಡ ಪಾತ್ರೆ ಕಣ್ಣಿಗೆ ಬಿದ್ದರೆ ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೊಮ್ಮೆ ಬಡಿದು, ಬಗ್ಗಿ ಕಿವಿ ಕೊಟ್ಟು, ಸದ್ದು ಪೂರ್ತಿ ಕರಗುವ ತನಕ ನಿಂತುಬಿಡುತ್ತೇನೆ. ಎಲ್ಲಾದರೂ ಬಿರುಕಿದೆಯೇನೋ ಎಂದು ನೋಡುತ್ತಿದ್ದೇನೆ ಎಂದುಕೊಂಡು ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಿಕೊಳ್ಳಲಿ. ಈಗಿನ ಪಾತ್ರೆಗಳು ಟಣ್ ಎಂದು ಒಂದು ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತವೆ. ನನಗೆ ಬೇಕಾದ ಸದ್ದು ಹಾಗಿರಲಿಲ್ಲ. ಅದು ಮೊದಲು ಒಳಗೆ ಹೋಗಿ, ಒಂದು ಸುತ್ತು ಹಾಕಿ, ಯೋಚನೆ ಮಾಡಿ ಹೊರಗೆ ಬರುತ್ತಿತ್ತು. ನಾನು ಕಂಡಂತೆ ಹಾಗೆ ಹಾಡಿದ್ದು ನಮ್ಮ ಅಜ್ಜಿಯ ಹಂಡೆ ಒಂದೇ.

ಎಂಬತ್ತರ ದಶಕದ ಮಾತು. ನಮ್ಮ ಮನೆ ಇದ್ದದ್ದು ರಾಜಾಜಿನಗರದಲ್ಲಿ, ಕಾರ್ಖಾನೆಯ ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಒಂದು ರಸ್ತೆಯಲ್ಲಿ. ಮುಂದೆ ನಡುಮನೆ, ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಶೀಟು ಹೊದಿಸಿದ ಬಚ್ಚಲು. ಸಂಜೆ ಆ ಮನೆಯೊಳಗೆ ಕಾಲಿಟ್ಟರೆ ಒಗ್ಗರಣೆಯ ವಾಸನೆಯ ಜೊತೆಗೆ ಕಾರ್ಖಾನೆಯ ಎಣ್ಣೆಯ ವಾಸನೆಯೂ ಬರುತ್ತಿತ್ತು. ಎಣ್ಣೆಯದ್ದು ಗೋವಿಂದ ಮಾವನ ಅಂಗಿಯಿಂದ. ಅವನು ಅಮ್ಮನ ತಮ್ಮ. ಅಜ್ಜಿ ತೀರಿಕೊಂಡಾಗ ಅವನಿಗೆ ಹದಿಮೂರು ವರ್ಷವಂತೆ. ಆಗಷ್ಟೇ ಮದುವೆಯಾಗಿದ್ದ ಅಮ್ಮ ಅವನನ್ನು ತನ್ನ ಜೊತೆಗೇ ಕರೆತಂದು ಸಾಕಿದಳು, ಓದಿಸಿದಳು, ಹತ್ತಿರದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಟರ್ನರ್ ಕೆಲಸಕ್ಕೆ ಸೇರುವ ತನಕ ಕಾದಳು. "ನಿಮ್ಮಮ್ಮನ ತವರಿಂದ ನನಗೆ ಸಿಕ್ಕಿದ್ದು ಎರಡೇ, ಒಂದು ಹಂಡೆ, ಒಬ್ಬ ಗೋವಿಂದ" ಎಂದು ಅಪ್ಪ ಛೇಡಿಸುತ್ತಿದ್ದರು. ಆ ತಾಮ್ರದ ಹಂಡೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಪುಟ್ಟಲಕ್ಷ್ಮಮ್ಮ ಎಂದು ಅಜ್ಜಿಯ ಹೆಸರು ಕೊರೆದಿತ್ತು. ತಳ ಸೋರತೊಡಗಿದ ಮೇಲೆ ಬಚ್ಚಲಿಗೆ ಅಲ್ಯೂಮಿನಿಯಂ ಹಂಡೆ ಬಂತು, ಅಜ್ಜಿಯದು ಹಿತ್ತಲಿನ ಮೂಲೆ ಸೇರಿತು.

ಮಾವ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಎದೆಗೆ ಆನಿಸಿಕೊಂಡು ಕುಣಿಯುವ ಗಿಟಾರ್ ಅಲ್ಲ. ಮುಂದೆ ಅಡ್ಡಲಾಗಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುತ್ತ ನುಡಿಸುವಂಥದ್ದು. ಅಂಗಡಿಯಲ್ಲಿ ಕೊಳ್ಳುವ ಯೋಗ್ಯತೆ ಇಲ್ಲದ್ದರಿಂದ ಎಲ್ಲವನ್ನೂ ತಾನೇ ಮಾಡಿಕೊಂಡಿದ್ದ, ಮಾಡಿಕೊಂಡದ್ದಕ್ಕೇ ಅದು ಅಷ್ಟು ಚೆನ್ನಾಗಿತ್ತು ಎಂದು ನಾನು ಇವತ್ತಿಗೂ ವಾದ ಮಾಡುತ್ತೇನೆ. ಮೈ ತೇಗದ ಹಲಗೆಯದು. ತಂತಿಯ ಸದ್ದನ್ನು ಹಿಡಿಯುವ ಪಿಕಪ್ಪಿಗೆ ಸೈಕಲ್ ಡೈನಮೋದ ಆಯಸ್ಕಾಂತ. ಸರಳನ್ನು ಕಾರ್ಖಾನೆಯ ಲೇತಿನಲ್ಲಿ ತಾನೇ ಕಡೆದು, ಕೆನ್ನೆಗೆ ಒತ್ತಿ ನೋಡಿದರೆ ಎಲ್ಲೂ ತರಚದಷ್ಟು ನುಣುಪು ಮಾಡಿದ್ದ. ಅಮ್ಮನ ಹಳೆಯ ಹೊಲಿಗೆ ಮಿಷನ್ನಿನ ಪೆಡಲ್ಲನ್ನು ಕೆಳಗಿಟ್ಟು, ಸೈಕಲ್ ಬ್ರೇಕಿನ ವೈರಿನಿಂದ ಎರಡು ತಂತಿಗಳಿಗೆ ಕಟ್ಟಿದ್ದ. ಪೆಡಲ್ ತುಳಿದರೆ ಆ ಎರಡು ತಂತಿ ಮಾತ್ರ ಬಿಗಿದು ಸ್ವರ ಮೇಲೇರುತ್ತಿತ್ತು, ಉಳಿದವು ಇದ್ದಲ್ಲೇ ಇರುತ್ತಿದ್ದವು. ಕೇಳಿದವರಿಗೆ ಒಂದೇ ಗಂಟಲಿನಿಂದ ಇಬ್ಬರು ಹಾಡಿದಂತೆ ಆಗುತ್ತಿತ್ತು.

ಇಷ್ಟನ್ನು ನೋಡಿಕೊಂಡು ಹೋಗಿ ಬೇರೆ ಆರ್ಕೆಸ್ಟ್ರಾದವರೂ ಮಾಡಿದರು. ಮಾವನ ಸದ್ದು ಮಾತ್ರ ಅವರಿಗೆ ಬರಲಿಲ್ಲ. ಏಕೆಂದರೆ ಕೊನೆಯ ಸಾಮಾನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವೇದಿಕೆಯ ಹಿಂಬದಿಯಲ್ಲಿ ಗೋಣಿತಾಟು ಹೊದ್ದು ಕೂತಿರುತ್ತಿತ್ತು ಅಜ್ಜಿಯ ಹಂಡೆ. ಹಳೆಯ ವಾಲ್ವ್ ರೇಡಿಯೊ ಬಿಚ್ಚಿ ಮಾಡಿದ ಆಂಪ್ಲಿಫಯರ್, ಅದರ ಸ್ಪೀಕರ್ ಹಂಡೆಯ ಬಾಯಿಗೆ ಮುಖ ಮಾಡಿ, ನಡುವೆ ನಾಲ್ಕು ಬೆರಳು ಜಾಗ, ಹಂಡೆಯೊಳಗೆ ಸುತ್ತಿ ಬರುವ ಸದ್ದನ್ನು ಹಿಡಿಯಲು ಆ ಜಾಗದಲ್ಲಿ ಮೈಕು. ಒಂದು ದಿನ ಹಿತ್ತಲಲ್ಲಿ ಸ್ಪೀಕರ್ ಇಡಲು ಜಾಗವಿಲ್ಲದೆ ಹಂಡೆಯ ಮೇಲಿಟ್ಟಾಗ ಸಿಕ್ಕಿದ ಉಪಾಯ ಅದು. ಗಣೇಶನ ಹಬ್ಬದಲ್ಲಿ ಕುರುಬರಹಳ್ಳಿ, ಹೆಗ್ಗನಹಳ್ಳಿ, ಮಾಗಡಿ ರಸ್ತೆಯ ಪೆಂಡಾಲುಗಳಲ್ಲಿ ಅವನು ನುಡಿಸಿದರೆ ಕಡಲೆಕಾಯಿ ಮಾರುವವನೂ ಕೂಗುವುದನ್ನು ನಿಲ್ಲಿಸುತ್ತಿದ್ದ. ಸಿಂಗಾಪುರದಿಂದ ಯಾವುದೋ ಮಿಷನ್ ತರಿಸಿದ್ದಾನಂತೆ ಎಂದು ಸುದ್ದಿ ಹಬ್ಬಿತ್ತು. ಒಮ್ಮೆ ಮೂಡಲಪಾಳ್ಯದಲ್ಲಿ, ಇನ್ನೂ ಸ್ಪೀಕರ್ ಹೂಡುವ ಮೊದಲೇ, ಪೆಂಡಾಲಿನ ಹಿರಿಯರೊಬ್ಬರು ಗೋಣಿ ಎತ್ತಿ ನೋಡಿ, ಕಲಾವಿದರಿಗೆ ಕುಡಿಯಲು ನೀರೇ ಇಟ್ಟಿಲ್ಲವಲ್ಲ ಎಂದು ಹುಡುಗರಿಗೆ ಬೈದು ಎರಡು ಕೊಡ ನೀರು ಹೊಯ್ಯಿಸಿಬಿಟ್ಟರು. ಮಾವ ನೀರು ಚೆಲ್ಲಿ, ಒರೆಸಿ, ಅವರಿಗೇ ಕೈ ಮುಗಿದು ನುಡಿಸಲು ಕೂತ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಆರ್ಕೆಸ್ಟ್ರಾದ ಲೀಡರ್ ಸಂಪಂಗಿ ಒಂದು ಕೀಬೋರ್ಡ್ ಕೊಂಡರು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದಕ್ಕೆ ಗಿಟಾರ್. ಸಂಪಂಗಿ ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಮನೆಗೇ ಬಂದು ಕಾಫಿ ಕುಡಿದು ಹೇಳಿದರು: "ನೋಡು ಗೋವಿಂದ, ನಿನ್ನ ಸೌಂಡು ಅದ್ರಲ್ಲಿ ಬರಲ್ಲ, ಒಪ್ಕೋತೀನಿ. ಅದಕ್ಕೇ ನೀನಿದೀಯ. ವಿಜಯನಗರದ ರಾಜ್ಯೋತ್ಸವದಲ್ಲಿ ಆ ಸೌಂಡು ಬಿತ್ತು ಅಂದ್ರೆ ನಿನ್ನ ಜಾಗ ಯಾರೂ ಮುಟ್ಟಲ್ಲ." ಬೀಳದಿದ್ದರೆ ಏನು ಎಂದು ಮಾವ ಕೇಳಲಿಲ್ಲ. ಅದರ ಅಗತ್ಯವೇ ಇರಲಿಲ್ಲ, ಹಂಡೆ ಹಿತ್ತಲಲ್ಲೇ ಇತ್ತು. ಒಳಗೆ ನಿಂತು ಕೇಳಿಸಿಕೊಂಡ ಅಮ್ಮನಿಗೆ ಮಾತ್ರ ತಮ್ಮನಿಗಾಗಿ ಏನಾದರೂ ಮಾಡಬೇಕು ಅನ್ನಿಸಿಬಿಟ್ಟಿತು.

ಮುಂದಿನ ವಾರ ದೀಪಾವಳಿ. ನಮ್ಮ ಕಡೆ ಹಬ್ಬ ಶುರುವಾಗುವುದು ಬಚ್ಚಲಿನಿಂದ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅದರ ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಬೇಕು. ನೀರು ತುಂಬುವ ಹಬ್ಬ ಎಂದೇ ಅದಕ್ಕೆ ಹೆಸರು. ನಿಮ್ಮಲ್ಲಿ ಅಪಾರ್ಟ್‌ಮೆಂಟಿನ ಗೀಸರಿಗೆ ಕುಂಕುಮ ಹಚ್ಚುವವರಿದ್ದರೆ ನಾನು ಹೇಳುವುದು ಅರ್ಥವಾದೀತು. ಆ ಸಂಜೆ ಕಾರ್ಖಾನೆಯಿಂದ ಬಂದ ಮಾವನನ್ನು ಅಮ್ಮ ಕೈಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಹೊಚ್ಚ ಹೊಸ ತಾಮ್ರದ ಹಂಡೆ ಹಾಗಲಬಳ್ಳಿ ಸುತ್ತಿಕೊಂಡು, ದೀಪದ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತಿತ್ತು.

"ನಾಳೆ ಎಣ್ಣೆನೀರು ಆಗ್ಲಿ, ಆಮೇಲೆ ಇದು ನಿಂದೇ ಕಣೋ. ಆ ಸೋರೋ ಹಂಡೆ, ನೆಗ್ಗಿ ಹೋಗಿರೋದು, ಅದನ್ನ ಹೊತ್ಕೊಂಡು ಅಷ್ಟು ಜನದ ಮುಂದೆ ಹೋಗ್ತೀಯಲ್ಲ, ನಂಗೇ ನಾಚಿಕೆ ಆಗ್ತಿತ್ತು. ಅಂಗಡಿಗೆ ಹಾಕಿ ಇದನ್ನ ತಂದೆ" ಎಂದಳು ಅಮ್ಮ. ಹಳೆಯ ಪಾತ್ರೆ ಹಾಕಿ, ಮೇಲೊಂದಿಷ್ಟು ಸೇರಿಸಿ ಹೊಸದು ತರುವುದು ಎಲ್ಲ ಮನೆಯಲ್ಲೂ ನಡೆಯುತ್ತಿದ್ದದ್ದೇ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾವ ಹಿತ್ತಲಿನ ಖಾಲಿ ಮೂಲೆಯನ್ನು ನೋಡಿದ. ಆಮೇಲೆ ಹೊಸ ಹಂಡೆಯ ಮೇಲೆ ಅಂಗೈ ಇಟ್ಟು, "ಏನಕ್ಕಾ ಇದು, ಮದುಮಗಳ ಥರ ಇದೆ! ಇನ್ನು ನೋಡು, ಸೌಂಡು ಎಲ್ಲಿಗೆ ಹೋಗುತ್ತೆ" ಎಂದ. ಅಮ್ಮ ನಕ್ಕಳು. ನಾನೂ ನಕ್ಕೆ, ಏಕೆಂದರೆ ಆಗ ನನಗೂ ಏನೂ ಗೊತ್ತಿರಲಿಲ್ಲ.

ಮರುದಿನ ಎಣ್ಣೆಸ್ನಾನ ಮುಗಿಸಿ ಅಮ್ಮ ಬಾಗಿನ ಕೊಡಲು ಪಕ್ಕದ ಬೀದಿಗೆ ಹೋದಾಗ ಮಾವ ಹಂಡೆಯ ನೀರು ಖಾಲಿ ಮಾಡಿ ಸ್ಪೀಕರ್ ಹೂಡಿದ. ಒಂದು ಸ್ವರ ಎಳೆದ. ಹಂಡೆ ಡಬ್ಬದ ಹಾಗೆ ಝರ್ರೆಂದಿತು. ಅದು ಮಿಷನ್ನಿನಲ್ಲಿ ಒತ್ತಿದ ತೆಳು ತಗಡು. ಅಜ್ಜಿಯದು ಕಂಚುಗಾರರು ಸುತ್ತಿಗೆಯಿಂದ ಬಡಿದು ಬಡಿದು ಮಾಡಿದ್ದು, ದಪ್ಪನೆಯದು. ಅದರ ಒಂದೊಂದು ನೆಗ್ಗೂ ಸದ್ದನ್ನು ಬೇರೆ ಬೇರೆ ಕಡೆಗೆ ತಿರುಗಿಸುತ್ತಿತ್ತೆಂದು ಮಾವ ನನಗೆ ಹೇಳಿದ್ದು ಅವತ್ತೇ. ಹಂಡೆಗೆ ಒದ್ದೆ ಗೋಣಿ ಸುತ್ತಿದ, ತಳಕ್ಕೆ ಮರಳು ಸುರಿದ, ಸ್ಪೀಕರನ್ನು ಹಿಂದೆ ಮುಂದೆ ಸರಿಸಿದ. ಝರ್ರೆನ್ನುವುದು ನಿಂತಿತು, ಜೊತೆಗೆ ಜೀವವೂ ಹೋಯಿತು. ಆಗ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕುರುಬರಹಳ್ಳಿಯ ಪಾತ್ರೆ ಅಂಗಡಿಗೆ ತುಳಿದ.

ಅಂಗಡಿಯವನು ಹಿಂದಿನ ಕೋಣೆ ತೋರಿಸಿದ. ಕರಗಿಸಲು ಕಳಿಸುವ ಹಳೆಯ ತಾಮ್ರವನ್ನು ಜಾಗ ಹಿಡಿಯದಿರಲೆಂದು ಬಡಿದು ಚಪ್ಪಟೆ ಮಾಡಿ ಒಂದರ ಮೇಲೊಂದು ಪೇರಿಸಿದ್ದರು. ಮಾವ ಒಂದೊಂದೇ ತಗಡನ್ನು ಎತ್ತಿ ನೋಡುತ್ತ ಹೋದ. ಕೆಳಗಿನಿಂದ ಮೂರನೆಯದರಲ್ಲಿ ಚುಕ್ಕಿ ಅಕ್ಷರಗಳು ಕಂಡವು. ಪುಟ್ಟಲ ಎನ್ನುವ ತನಕ ನೆಟ್ಟಗಿತ್ತು, ಆಮೇಲಿನದು ಮಡಚಿ ಒಳಗೆ ಹೋಗಿತ್ತು. ಮಾವ ಅದನ್ನು ಗೆಣ್ಣಿನಿಂದ ಬಡಿದು ನೋಡಿದ, ಕಲ್ಲಿಗೆ ಬಡಿದಂತೆ ಕೇಳಿಸಿತು. ಎದ್ದು ಅಂಗಡಿಯವನಿಗೆ "ಬರ್ತೀನಿ ಅಣ್ಣ" ಎಂದು ಹೊರಗೆ ಬಂದ. ಸೈಕಲ್ಲಿನ ಸ್ಟ್ಯಾಂಡ್ ತೆಗೆಯುವ ಮೊದಲು ನನ್ನ ಕಡೆ ತಿರುಗಿ, "ಪುಟ್ಟಿ, ಹೊಸ ಹಂಡೆ ಸಕ್ಕತ್ತಾಗಿದೆ. ಗೊತ್ತಾಯ್ತಾ? ಅಕ್ಕ ಕೇಳಿದ್ರೆ ಅಷ್ಟೇ. ಅವಳಿಗೆ ಗೊತ್ತಾದ್ರೆ ನಮ್ಮಮ್ಮನ್ನೇ ಮಾರಿದೆ ಅಂತ ಅಂದ್ಕೊಂಡ್ಬಿಡ್ತಾಳೆ" ಎಂದ. ಅವನ ಕಣ್ಣು ತುಂಬಿತ್ತು. ನಾನು ಹೂಂ ಎಂದೆ.

ವಿಜಯನಗರದ ಕಾರ್ಯಕ್ರಮಕ್ಕೆ ಅಮ್ಮ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ಮಾವ ತಪ್ಪಿಲ್ಲದೆ ನುಡಿಸಿದ. ತಪ್ಪಿಲ್ಲ ಎನ್ನುವುದಷ್ಟೇ ಅದರಲ್ಲಿದ್ದ ಗುಣ. ಸದ್ದು ವೇದಿಕೆಯಿಂದ ಇಳಿದು ನಮ್ಮ ತನಕ ಬರಲು ಮನಸ್ಸಿಲ್ಲದೆ ಅಲ್ಲೇ ಸುಳಿದಾಡುತ್ತಿತ್ತು. ಜನ ಮಾತಾಡಿಕೊಳ್ಳುತ್ತಿದ್ದರು, ಮಕ್ಕಳು ಓಡಾಡುತ್ತಿದ್ದರು. ಸಂಪಂಗಿ ಒಮ್ಮೆ ಹಿಂತಿರುಗಿ ಗೋಣಿಯ ಕಡೆ ನೋಡಿದರು, ಆಮೇಲೆ ನೋಡಲಿಲ್ಲ. ಹಾಡು ಮುಗಿದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಮ್ಮ. ಮನೆಗೆ ಬರುವಾಗ ದಾರಿಯುದ್ದಕ್ಕೂ, "ಈ ಸಲ ಎಷ್ಟು ಸ್ಪಷ್ಟವಾಗಿತ್ತೋ" ಎಂದು ಹೇಳುತ್ತಲೇ ಇದ್ದಳು. ಮಾವ, "ಎಲ್ಲಾ ನಿನ್ನ ಹಂಡೆ ಮಹಿಮೆ ಅಕ್ಕಾ" ಎಂದ. ತಿಂಗಳೊಳಗೆ ಅವನ ಜಾಗದಲ್ಲಿ ಕೀಬೋರ್ಡ್ ಕೂತಿತು. ಕಾರ್ಖಾನೆಯಲ್ಲಿ ಓವರ್‌ಟೈಮ್ ಜಾಸ್ತಿ, ತಾನೇ ಬಿಟ್ಟೆ ಎಂದು ಅಮ್ಮನಿಗೆ ಹೇಳಿದ.

ಆದರೆ ನುಡಿಸುವುದನ್ನು ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಅಮ್ಮ ಅಡುಗೆಮನೆಯಲ್ಲಿರುವಾಗ, ನಡುಮನೆಯಲ್ಲಿ ಹೊಸ ಹಂಡೆಗೆ ಸ್ಪೀಕರ್ ಹೂಡಿ ಒಂದು ಗಂಟೆ ನುಡಿಸುತ್ತಿದ್ದ. ಮುಗಿಸಿದ ಮೇಲೆ, "ಆ ಹಳೇದ್ರಲ್ಲಿ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಅಲ್ವಾಕ್ಕಾ?" ಎಂದು ಕೂಗಿ ಕೇಳುವನು. "ಎಲ್ಲಿ ಬರ್ತಿತ್ತು!" ಎಂದು ಒಳಗಿನಿಂದ ಅಮ್ಮ. ಮದುವೆಯಾಗಿ ಕೆಂಗೇರಿಯಲ್ಲಿ ಮನೆ ಮಾಡಿದ ಮೇಲೂ ಭಾನುವಾರ ಸೈಕಲ್ ತುಳಿದುಕೊಂಡು, ಆಮೇಲೆ ಬಸ್ಸು ಹತ್ತಿ, ಬಂದು ನುಡಿಸಿ ಊಟ ಮಾಡಿ ಹೋಗುತ್ತಿದ್ದ. ಅಕ್ಕನ ಮನಸ್ಸು ನೋಯದಿರಲೆಂದು ಒಬ್ಬ ಮನುಷ್ಯ ಒಂದು ಸುಳ್ಳನ್ನು ಅಷ್ಟು ವರ್ಷ, ಅಷ್ಟು ಶ್ರದ್ಧೆಯಿಂದ ನುಡಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನೂ ಕೊಟ್ಟ ಮಾತು ಉಳಿಸಿಕೊಂಡೆ. ಅಪ್ಪ ಹೋದರು, ಆ ಮನೆ ಹೋಗಿ ಅಲ್ಲಿ ನಾಲ್ಕು ಮಹಡಿ ಎದ್ದಿತು, ಅಮ್ಮ ನನ್ನ ಜೊತೆ ಬಸವೇಶ್ವರನಗರಕ್ಕೆ ಬಂದಳು. ಮೂರು ವರ್ಷದ ಹಿಂದೆ ಮಾವನೂ ಹೋದ.

ಹೋದ ವರ್ಷ ಒಬ್ಬ ಹುಡುಗ ನಮ್ಮನ್ನು ಹುಡುಕಿಕೊಂಡು ಬಂದ. ಇಂಥ ಗಿಟಾರ್ ಕಲಿಯುತ್ತಿದ್ದಾನಂತೆ. ಯಾರೋ ಪೆಂಡಾಲಿನಲ್ಲಿ ಟೇಪು ಮಾಡಿದ್ದ ಹಳೆಯ ಕ್ಯಾಸೆಟ್ ಅವನಿಗೆ ಸಿಕ್ಕಿ, ಅದನ್ನು ಫೋನಿಗೆ ಹಾಕಿಸಿಕೊಂಡಿದ್ದ. "ಆಂಟಿ, ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದೀನಿ. ಪಿಕಪ್ ಗೊತ್ತಾಯ್ತು, ಪೆಡಲ್ ಗೊತ್ತಾಯ್ತು. ಆ ಎಕೋ ಯಾವ ಮಿಷನ್ದು?" ಎಂದು ಫೋನು ಒತ್ತಿದ. ಬಸವೇಶ್ವರನಗರದ ನಮ್ಮ ಹಾಲಿನಲ್ಲಿ ಅಜ್ಜಿಯ ಹಂಡೆ ಹಾಡಿತು. ಅಮ್ಮ ಕಿಟಕಿಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿದ್ದಾಳೆಂದು ನಾನು ಎಂದಿನ ಅಭ್ಯಾಸದಂತೆ, ಅದೊಂದು ತಾಮ್ರದ ಹಂಡೆ, ಆಮೇಲೆ ಹೊಸದು ತಂದೆವು, ಅದರಲ್ಲಿ ಇನ್ನೂ ಚೆನ್ನಾಗಿ ಬರುತ್ತಿತ್ತು ಎಂದೆ.

"ಸುಳ್ಳು ಹೇಳ್ಬೇಡ್ವೇ, ಪಾಪ ಅಷ್ಟು ದೂರದಿಂದ ಬಂದಿದಾನೆ" ಎಂದಳು ಅಮ್ಮ, ತಲೆ ಎತ್ತದೆ. "ಹೊಸದ್ರಲ್ಲಿ ಏನೂ ಬರ್ತಿರಲಿಲ್ಲಪ್ಪ. ಇದು ನಮ್ಮಮ್ಮನ ಹಂಡೆ. ನಾನೇ ತಿಳೀದೆ ಅಂಗಡಿಗೆ ಹಾಕ್ಬಿಟ್ಟೆ."

ನಾನು ಎದ್ದು ಅಮ್ಮನ ಪಕ್ಕಕ್ಕೆ ಹೋಗಿ ಕೂತೆ. "ನಿಂಗೆ ಯಾವಾಗ ಗೊತ್ತಾಯ್ತಮ್ಮಾ?"

"ವಿಜಯನಗರದಲ್ಲಿ, ಮೊದಲನೇ ಹಾಡಿಗೇ. ನಂಗೇನು ಕಿವಿ ಇರ್ಲಿಲ್ವಾ?"

"ಮತ್ತೆ ಮಾವನಿಗೆ ಯಾಕೆ ಹೇಳ್ಲಿಲ್ಲ? ಅಷ್ಟು ವರ್ಷ?"

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಕಾಳನ್ನು ಪಾತ್ರೆಗೆ ಹಾಕಿದಳು. "ಹೇಳಿದ್ರೆ ಅವತ್ತೇ ಗಿಟಾರ್ ಅಟ್ಟಕ್ಕೆ ಹಾಕ್ತಿದ್ದ ಕಣೇ. ನನ್ನ ನಂಬಿಸೋಕೆ ಅಂತಾದ್ರೂ ವಾರಕ್ಕೊಂದ್ಸಲ ಮುಟ್ತಿದ್ನಲ್ಲ."

ಹುಡುಗ ಏನೂ ಅರ್ಥವಾಗದೆ ನಮ್ಮಿಬ್ಬರ ಮುಖ ನೋಡುತ್ತಿದ್ದ. ಅಮ್ಮ ಅವನ ಕಡೆ ತಿರುಗಿ, "ಇನ್ನೊಂದ್ಸಲ ಹಾಕಪ್ಪ" ಎಂದಳು.