ಚೂಟಿಯ ಬೆನ್ನು ಮತ್ತು ಚಿಕ್ಕಮ್ಮನ ಕತ್ತರಿ

ನಮ್ಮ ಚಿಕ್ಕಮ್ಮ ಟೈಲರ್ರು ಕಣ್ರೋ. ಎಂಥಾ ಡೊಳ್ಳುಹೊಟ್ಟೆ ಇದ್ರೂ ಅವಳು ಹೊಲಿದ ಶರ್ಟಲ್ಲಿ ಮಾಯ. "ಬಟ್ಟೆ ಆಗ್ಲಿ, ಗಂಡ ಆಗ್ಲಿ, ಸ್ವಲ್ಪ ಬಿಚ್ಚಿ ಹೊಲಿದ್ರೆ ಸರಿಹೋಗುತ್ತೆ" ಅಂತಾಳೆ. ಚಿಕ್ಕಪ್ಪ ಪಕ್ಕದಲ್ಲೇ ಗುಂಡಿ ಹಾಕ್ತಾ ಕೂತಿರ್ತಾರೆ.

ಇವರ ಮಗಳು ಚೂಟಿ. ವಯಸ್ಸು ಹನ್ನೊಂದು, ಬಾಯಿ ಅರವತ್ತು. ಸ್ಕೂಲಿಗೆ ತಪಾಸಣೆಗೆ ಬಂದ ಡಾಕ್ಟ್ರು ಇವಳನ್ನ ಬಗ್ಗಿಸಿ ನೋಡಿ, ಬೆನ್ನುಮೂಳೆ ಪಕ್ಕಕ್ಕೆ ವಾಲಿದೆ ಅಂದ್ರಂತೆ. ಮೂಳೆ ಡಾಕ್ಟ್ರ ಹತ್ರ ಹೋದ್ರೆ ಅವ್ರು ಎಕ್ಸ್‌ರೇ ನೋಡಿ, "ಬೆಳೆಯೋ ಮಗು, ಈಗ್ಲೇ ಕವಚ ಹಾಕ್ಸಿ. ಬಿಟ್ರೆ ಇನ್ನೂ ವಾಲಬಹುದು. ಆಮೇಲೆ ಆಪರೇಷನ್ನೇ ಬೇಕಾಗ್ಬೋದು" ಅಂದ್ರು.

ಕವಚ ಅಂದ್ರೆ ಎದೆಯಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ಕು. ಚಿಕ್ಕಮ್ಮ ಅದನ್ನ ನೋಡಿ, "ನಾನು ಹೆತ್ತಿದ್ದು ಮಗಳನ್ನಾ, ಆಮೆನಾ?" ಅಂತ ಮಗಳ ಕೈ ಹಿಡ್ಕೊಂಡು ಎದ್ದು ಬಂದ್ಬಿಟ್ಲು.

ಶುರುವಾಯ್ತು ನೋಡಿ. ಗಿರಾಕಿಗಳು ಅಂದ್ಮೇಲೆ ಒಬ್ಬೊಬ್ರದ್ದೂ ಒಂದೊಂದು ಸಲಹೆ. ಮೊದ್ಲು ಬಂದಿದ್ದು ಅಯಸ್ಕಾಂತದ ಬೆಲ್ಟು. ಟೈಲರ್ ಮನೇಲಿ ಅಯಸ್ಕಾಂತ! ಚೂಟಿ ಒಂದು ಸುತ್ತು ಹಾಕಿ ಬಂದ್ರೆ ಗುಂಡುಪಿನ್ನೆಲ್ಲಾ ಅವಳ ಸೊಂಟದಲ್ಲಿ. ಚಿಕ್ಕಪ್ಪ ಸೂಜಿ ಕಳ್ಕೊಂಡ್ರೆ ನೆಲ ಹುಡುಕ್ತಾನೇ ಇರ್ಲಿಲ್ಲ, ಮಗಳನ್ನ ಕರೀತಿದ್ರು.

ಆಮೇಲೆ ಬಾಗಿಲಿಗೆ ಕಬ್ಬಿಣದ ಸರಳು ಹಾಕಿ ನೇತಾಡಿಸೋದು. ಆಮೇಲೆ ಒಬ್ಬ ಎಣ್ಣೆ ತಿಕ್ಕೋನು. ತಿಕ್ಕಿದ ಮೇಲೆ ಮಗು ಕುರ್ಚಿ ಮೇಲೆ ನಿಲ್ತಿರ್ಲಿಲ್ಲ, ಜಾರಿ ಜಾರಿ ಟೇಬಲ್ ಕೆಳಗೆ ಹೋಗ್ತಿತ್ತು. ಕೊನೆಗೆ ಬಂದ ಮಹಾಶಯ ಮಾತ್ರ ಎಲ್ಲರಿಗೂ ಗುರು. "ಮೂಳೆಗೂ ಕಿವಿ ಇದೆ, ಪ್ರೀತಿಯಿಂದ ಮಾತಾಡಿಸಿ" ಅಂದ.

ದಿನಾ ಬೆಳಗ್ಗೆ ಚಿಕ್ಕಮ್ಮ ಮಗಳ ಬೆನ್ನ ಹಿಂದೆ ಕೂತು, "ಬಂಗಾರಾ, ಸ್ವಲ್ಪ ಎಡಕ್ಕೆ ಸರಿಯಪ್ಪಾ..."

"ಅಮ್ಮಾ, ಹೊಟ್ಟೆನೂ ಏನೋ ಹೇಳ್ತಿದೆ, ಅದನ್ನೂ ಮಾತಾಡಿಸು. ತಿಂಡಿ ಕೊಡು."

ನಮ್ಮಮ್ಮ ಹೋಗಿ ಬೈದ್ಲು. "ಏನೇ ನಿನಗೆ ತಲೆ ಕೆಟ್ಟಿದ್ಯಾ? ಡಾಕ್ಟ್ರು ಹೇಳಿದ್ದು ಮಾಡೇ!"

"ಅಕ್ಕಾ, ಸುಮ್ನಿರು. ಗುಣ ಆಗ್ತಿದೆ. ಇವಳಿಗೆ ಹೊಲಿದ ಹೊಸ ಫ್ರಾಕ್ ನೋಡು, ಅಂಚು ಗೆರೆ ಎಳೆದ ಹಾಗಿದೆ. ಬೆನ್ನು ಸೊಟ್ಟ ಇದ್ರೆ ಹೀಗೆ ಕೂರುತ್ತಾ?"

ನೋಡಿದ್ವಿ. ಹೌದು, ನೆಟ್ಟಗಿತ್ತು. ನಮ್ಮಮ್ಮನಂಥ ನಮ್ಮಮ್ಮನೇ ನಂಬಿಬಿಟ್ಲು.

ಅಂಗಡೀಲಿ ಚೂಟಿಗೆ ಮುಂಚಿಂದ ಒಂದು ಕೆಲ್ಸ ಇತ್ತು, ಬೊಂಬೆ ಕೆಲ್ಸ. ಅವಳ ಅಳತೆ ಮಕ್ಕಳ ಬಟ್ಟೆ ಬಂದ್ರೆ ಅವಳಿಗೇ ತೊಡಿಸಿ ಅಂಚು ಗುರುತು ಹಾಕೋದು. ಡಾಕ್ಟ್ರು ಹೇಳಿದ್ಮೇಲೆ ನಿಂತಿತ್ತು. ಈಗ ಗುಣ ಆಯ್ತಲ್ಲ, ಬ್ಯಾಂಕ್ ಮೇಡಂ ಮಗಳ ಫ್ರಾಕನ್ನ ಇವಳಿಗೇ ಹಾಕಿ ಅಂಚು ಹೊಲಿದು ಕೊಟ್ಲು ಚಿಕ್ಕಮ್ಮ.

ಮಾರನೇ ದಿನ ಮೇಡಂ ಮಗಳನ್ನ ಎಳ್ಕೊಂಡು ಬಂದ್ರು. "ಏನ್ರೀ ಇದು? ಒಂದು ಕಡೆ ಮಂಡಿ ಮೇಲೆ, ಒಂದು ಕಡೆ ಮಂಡಿ ಕೆಳಗೆ! ನನ್ನ ಮಗಳೇನು ದಿಬ್ಬದ ಮೇಲೆ ನಿಂತಿದ್ದಾಳಾ?"

"ಮೇಡಂ, ನನ್ನ ಹೊಲಿಗೇಲಿ ತಪ್ಪಿರಲ್ಲ. ಚೂಟಿ, ಬಾರೇ, ಹಾಕ್ಕೊಂಡು ತೋರ್ಸು."

ಚೂಟಿಗೆ ಹಾಕಿದ್ರೆ ನೆಟ್ಟಗೆ. ಆ ಹುಡುಗಿಗೆ ಹಾಕಿದ್ರೆ ಸೊಟ್ಟ. ಮತ್ತೆ ಚೂಟಿಗೆ. ಮತ್ತೆ ಆ ಹುಡುಗಿಗೆ. "ಆಂಟಿ, ಚಳಿ ಆಗ್ತಿದೆ" ಅಂತು ಆ ಮಗು.

ಚಿಕ್ಕಮ್ಮ ಒಳಗೆ ಹೋಗಿ ಮಗಳ ಫ್ರಾಕೆಲ್ಲಾ ತಂದು ಮೇಜಿನ ಮೇಲೆ ಹಾಕಿದ್ಲು. ಒಂದೊಂದನ್ನೂ ನಡುವಿಗೆ ಸರಿಯಾಗಿ ಮಡಚಿದ್ಲು. ಎರಡು ಭಾಗ ಒಂದಕ್ಕೊಂದು ಕೂರ್ಲಿಲ್ಲ. ಹಳೇದ್ರಲ್ಲಿ ಚೂರೇ ಚೂರು ವ್ಯತ್ಯಾಸ. ಹೊಸಾದ್ರಲ್ಲಿ ಎರಡು ಬೆರಳು. ಅವಳ ಕೈ ಅವಳಿಗೇ ಹೇಳ್ದೆ ಒಂದು ಭುಜ ಇಳ್ಸಿ, ಒಂದು ಅಂಚು ಕತ್ತರ್ಸಿ, ಎಲ್ಲಾ ಮುಚ್ಚಿ ಹಾಕಿತ್ತು. ಬೆನ್ನು ಪಾಪ ವಾಲ್ತಾನೇ ಇತ್ತು.

"ರೀ, ಅಂಗಡಿ ಬಾಗಿಲು ಹಾಕಿ" ಅಂದ್ಲು ಚಿಕ್ಕಪ್ಪನಿಗೆ. "ಆಸ್ಪತ್ರೆಗೆ ಹೋಗೋಣ."

ಕವಚ ಮಾಡೋ ಅಣ್ಣನಿಗೆ ಮಾತ್ರ ಶನಿ ಹೆಗಲೇರಿದ ಹಾಗಾಯ್ತು. "ಕಂಕುಳಲ್ಲಿ ಉಜ್ಜುತ್ತೆ, ಇನ್ನೂ ಗುಂಡಗೆ ಕತ್ತರ್ಸಿ", "ಇದೇನು ಫಿನಿಶಿಂಗು?" ಅಂತ ಚಿಕ್ಕಮ್ಮ. ಅವನು ಕೈಮುಗಿದು, "ಅಮ್ಮಾ, ಇದು ಬ್ಲೌಸ್ ಅಲ್ಲ!" ಆದ್ರೂ ಕಂಕುಳು ಗುಂಡಗೆ ಕತ್ತರ್ಸಿದ. ಒಳಗೆ ಹಾಕ್ಕೊಳ್ಳೋಕೆ ಇವಳೇ ಮೆತ್ತನೆ ಬನಿಯನ್ ಹೊಲಿದ್ಲು. ಈ ಸಲ ಎರಡೂ ಕಡೆ ಸಮ, ಹಟ ಹಿಡಿದು.

ಮೊದಮೊದ್ಲು ಚೂಟಿ ಅತ್ತು ರಂಪ ಮಾಡಿದ್ಲು. ಆಮೇಲೆ ಸ್ಕೂಲಲ್ಲಿ, "ಹೊಡಿ ನೋಡೋಣ ಹೊಟ್ಟೆಗೆ" ಅಂತ ಹುಡುಗರ ಕೈ ನೋಯಿಸೋದೇ ಕೆಲ್ಸ ಮಾಡ್ಕೊಂಡ್ಲು.

ಮೊನ್ನೆ ಹೊಸ ಎಕ್ಸ್‌ರೇ ತೆಗೆಸಿದ್ರು. ಡಾಕ್ಟ್ರು ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. "ನೀವು ಮೊದ್ಲು ಬಂದಾಗ ಇದ್ದಿದ್ದಕ್ಕಿಂತ ವಾಲಿದ್ದು ಸ್ವಲ್ಪ ಹೆಚ್ಚಾಗಿತ್ತು. ಕವಚ ಹಾಕಿದ್ಮೇಲೆ ಅಲ್ಲೇ ನಿಂತಿದೆ. ಸದ್ಯಕ್ಕೆ ಆಪರೇಷನ್ ಬೇಡ. ಹೀಗೇ ಹಾಕ್ತಾ ಇರ್ಲಿ" ಅಂದ್ರು.

ಹೊರಗೆ ಬೆಂಚ್ ಮೇಲೆ ಕೂತು ಚಿಕ್ಕಮ್ಮ ಗೊಳೋ ಅಂತ ಅತ್ತಳು. "ಅಪ್ಪಿಕೊಳ್ಳೇ ನನ್ನ."

"ನಂಗೆ ಬಗ್ಗೋಕಾಗಲ್ಲಮ್ಮ" ಅಂದ್ಲು ಚೂಟಿ. "ನೀನೇ ಎದ್ದು ಬಾ."