ಹಮೀದಾಕರ ಕೈಪಿಡಿಯ ಏಳನೆಯ ಪುಟ

ಮೆಲ್ಕಾರಿನಲ್ಲಿ ಹಮೀದಾಕರ ಹತ್ತಿರ ದಾರಿ ಕೇಳಿದವರಿಗೆ ಬಸ್ಸು ಸಿಗುತ್ತಿರಲಿಲ್ಲ. ಪುತ್ತೂರಿಗೆ ಯಾವ ಬಸ್ಸು ಎಂದು ಯಾರಾದರೂ ಅವರ ಅಂಗಡಿಯ ಮೆಟ್ಟಿಲ ಬಳಿ ನಿಂತು ಕೇಳಿದರೆ, ಮೊದಲು ಪುತ್ತೂರಿಗೆ ಹೋಗದ ಬಸ್ಸುಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸುತ್ತಿದ್ದರು. ಇದು ಉಪ್ಪಿನಂಗಡಿಯದ್ದು, ಮಾಣಿಯಲ್ಲಿ ನೇರ ಹೋಗ್ತದೆ. ಅದರಲ್ಲಿ ಕೂತರೆ ಮಾಣಿಯಲ್ಲಿ ಇಳಿಯಬೇಕು, ಕಂಡಕ್ಟರು ಹೇಳುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಅಷ್ಟರಲ್ಲಿ ಪುತ್ತೂರಿನ ಬಸ್ಸು ಅವರ ಬೆನ್ನ ಹಿಂದೆಯೇ ನಿಂತು, ಜನ ಹತ್ತಿಸಿಕೊಂಡು, ಹೊರಟುಹೋಗಿರುತ್ತಿತ್ತು. ಇಂಥ ಮನುಷ್ಯನ ಕೈಗೆ ನನ್ನ ಮರ್ಯಾದೆಯನ್ನು ಒಪ್ಪಿಸಿದ ನಾನು ಎಷ್ಟು ಬುದ್ಧಿವಂತ ಎಂದು ನೀವೇ ಲೆಕ್ಕ ಹಾಕಿ.

ನಾನಾಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಸ್ತಕದ ಪುಟ ಕಟ್ಟುವ ಒಂದು ತಂತ್ರಾಂಶ ನನ್ನ ತಲೆ ಹೊಕ್ಕಿತ್ತು. ಅದು ಪುಕ್ಕಟೆ; ಯಾರು ಬೇಕಾದರೂ ಒಳಗಿನ ಬರಹವನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ತಮ್ಮದೊಂದು ಜೋಡಿಸಬಹುದು. ಹಾಗೆ ಜೋಡಿಸುವುದಕ್ಕೆ ಎಕ್ಸ್‌ಟೆನ್ಶನ್ ಎನ್ನುತ್ತಿದ್ದೆವು. ನಾನು ಅಂಥದ್ದು ಮೂರು ಬರೆದಿದ್ದೆ. ಅದರಲ್ಲಿ ನನ್ನ ಮುದ್ದಿನದು ಪದ್ಯದ ಸಾಲುಗಳಿಗೆ ಅಡಿಟಿಪ್ಪಣಿ ಕೊಡುವಂಥದ್ದು. ಬಂಟ್ವಾಳ, ಬೆಳ್ತಂಗಡಿ ಕಡೆಯ ಪ್ರೆಸ್ಸುಗಳೆಲ್ಲ ಕಳ್ಳಪ್ರತಿಯ ತಂತ್ರಾಂಶದಲ್ಲಿ ಒದ್ದಾಡುತ್ತಿರುವಾಗ ಇದನ್ನು ಅವರಿಗೆಲ್ಲ ಹಂಚಬೇಕು ಎಂಬುದು ಒಂದು ಆಸೆ. ದೂರದೇಶದಲ್ಲಿ ಆ ತಂತ್ರಾಂಶವನ್ನು ನೋಡಿಕೊಳ್ಳುವವರು ಮುಂದಿನ ಆವೃತ್ತಿಯಲ್ಲಿ ನನ್ನದನ್ನೂ ಸೇರಿಸಿ, ಬರೆದವರ ಪಟ್ಟಿಯಲ್ಲಿ ನನ್ನ ಹೆಸರು ಹಾಕಬೇಕು ಎಂಬುದು ಇನ್ನೊಂದು. ನಿಜ ಹೇಳಬೇಕೆಂದರೆ ಎರಡನೆಯದೇ ದೊಡ್ಡದು. ಅವರು ಹಾಕಿದ ಷರತ್ತು ಒಂದೇ: ಮೂರು ತಿಂಗಳೊಳಗೆ ಸರಿಯಾದ ಕೈಪಿಡಿ ಬರೆದು ಕಳಿಸಬೇಕು.

ಕೈಪಿಡಿ ಬರೆಯುವುದೆಂದರೆ ನನಗೆ ಜ್ವರ ಬಂದಂತೆ. ಹಮೀದಾಕ ಇಪ್ಪತ್ತು ವರ್ಷ ಗಲ್ಫಿನಲ್ಲಿ ನೀರಿನ ಪಂಪುಗಳ ಒಂದು ಸ್ಥಾವರದಲ್ಲಿ ದುಡಿದು ಬಂದು, ಮೆಲ್ಕಾರಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದರು. ಗಲ್ಫಿನಲ್ಲಿ ಯಂತ್ರಗಳ ಪಕ್ಕ ತೂಗುಹಾಕುವ ಸೂಚನೆಯ ಹಾಳೆಗಳನ್ನು ಬರೆಯುವುದೇ ಅವರ ಕೆಲಸವಾಗಿತ್ತಂತೆ. ಇಂಗ್ಲಿಷೂ ಚೆನ್ನಾಗಿತ್ತು, ಕನ್ನಡ ಅಕ್ಷರವಂತೂ ಮುತ್ತು. ಕೇಳಿದೆ. ಮಾಡುವ ಎಂದರು. ಒಂದು ವಾರದ ಕೆಲಸ ಎಂದುಕೊಂಡು ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು, ಶನಿವಾರ ಮಧ್ಯಾಹ್ನ ಅವರ ಅಂಗಡಿಗೆ ಹೋದೆ.

ಮೊದಲ ದಿನ ಆದದ್ದು ಒಂದೇ ವಾಕ್ಯ, ಅದೂ ನಾನು ಹೇಳಿದ್ದಲ್ಲ. ‘ಈ ಎಕ್ಸ್‌ಟೆನ್ಶನ್ ಬಳಸಿ ಅಡಿಟಿಪ್ಪಣಿಗಳನ್ನು ಸುಲಭವಾಗಿ ಸೇರಿಸಬಹುದು’ ಎಂದು ನಾನು ಹೇಳಿದೆ. ಹಮೀದಾಕ ಪೆನ್ನು ಎತ್ತಿ ಹಿಡಿದುಕೊಂಡೇ ಕೂತರು.

“ಸುಲಭ ಯಾರಿಗೆ ಮಾಷ್ಟ್ರೇ?”

ಬಳಸುವವರಿಗೆ ಎಂದೆ. ಬಳಸುವವರು ಯಾರು, ಅವರಿಗೆ ಎಷ್ಟು ಗೊತ್ತುಂಟು, ಅವರ ಕಂಪ್ಯೂಟರಿನಲ್ಲಿ ಏನುಂಟು, ಕರೆಂಟು ಹೋದರೆ ಅರ್ಧ ಮಾಡಿದ್ದು ಉಳಿಯುತ್ತದಾ ಎಂದೆಲ್ಲ ಕೇಳಿದರು. ಕರೆಂಟು ಹೋಗುವುದಕ್ಕೂ ನನಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ಸಂಬಂಧ ಇಲ್ಲ ಎಂದೇ ಬರೆಯುವ ಎಂದು ಅದನ್ನೇ ಮೊದಲ ಸಾಲಾಗಿ ಬರೆದರು. ‘ಸುಲಭ’ ಎಂಬ ಶಬ್ದ ಆ ಕೈಪಿಡಿಯಲ್ಲಿ ಎಲ್ಲಿಯೂ ಬರಲಿಲ್ಲ.

ಬರೆದದ್ದನ್ನು ಪರೀಕ್ಷೆ ಮಾಡುವ ಪದ್ಧತಿ ಇನ್ನೂ ಘೋರ. ಏನೇನೂ ಗೊತ್ತಿಲ್ಲದವರು ಕೈಪಿಡಿಯನ್ನು ಓದಿ, ಯಾರನ್ನೂ ಏನೂ ಕೇಳದೆ, ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಬೇಕು. ಗಲ್ಫಿನಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ಪಕ್ಕದ ಟೈಲರಿಂಗ್ ಅಂಗಡಿಯ ಫಿಲೋಮಿನಾ ಬಾಯಿಯನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. ನಾನು ಬಾಯಿ ಹಾಕಬಾರದು, ಕೈಯನ್ನಂತೂ ಹಾಕಲೇಬಾರದು. ಅದಕ್ಕಾಗಿ ತುಂಬಿ ತುಳುಕುವ ಬಿಸಿ ಸುಲೈಮಾನಿ ಚಹಾದ ಗ್ಲಾಸನ್ನು ನನ್ನ ಎರಡೂ ಕೈಗೆ ಕೊಟ್ಟು ನಿಲ್ಲಿಸುತ್ತಿದ್ದರು. ಒಮ್ಮೆ ಫಿಲೋಮಿನಾ ಬಾಯಿ ನಾಲ್ಕನೆಯ ಹಂತ ಮುಗಿಸಿ ಕೈ ಕಟ್ಟಿ ಕೂತುಬಿಟ್ಟರು. ಐದು ನಿಮಿಷ, ಹತ್ತು ನಿಮಿಷ. ನನ್ನ ಬೆರಳು ಸುಟ್ಟು, ತಡೆಯಲಾರದೆ ಯಾಕೆ ಸುಮ್ಮನೆ ಕೂತದ್ದು ಎಂದು ಕೇಳಿದೆ. ಪುಟ ತಿರುಗಿಸಿ ಎಂದು ಬರೆದಿಲ್ಲವಲ್ಲ, ಇಷ್ಟೇ ಎಂದುಕೊಂಡೆ ಎಂದರು. ನಾನು ಹಣೆ ಚಚ್ಚಿಕೊಳ್ಳಬೇಕು, ಕೈಯಲ್ಲಿ ಗ್ಲಾಸು. ಹಮೀದಾಕ ಮಾತ್ರ ಅವರಿಗೆ ಕೈ ಮುಗಿಯುವುದೊಂದು ಬಾಕಿ. ಆ ಕ್ಷಣದಲ್ಲೇ ಪುಟದ ಅಡಿಗೆ ‘ಐದನೆಯ ಹಂತ ಮುಂದಿನ ಪುಟದಲ್ಲಿದೆ’ ಎಂದು ಬರೆದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಮಾತಾಡಿದ್ದರಿಂದ ಈ ಪರೀಕ್ಷೆ ಕೆಟ್ಟಿತು, ಮತ್ತೆ ಮೊದಲಿಂದ ಮಾಡುವ ಎಂದರು.

ಹೀಗೆ ಎರಡು ತಿಂಗಳು ಕಳೆಯಿತು. ಪ್ರತಿ ಶನಿವಾರ ಬೈದುಕೊಂಡೇ ಬಸ್ಸು ಹತ್ತುತ್ತಿದ್ದೆ, ಬೈದುಕೊಂಡೇ ಇಳಿಯುತ್ತಿದ್ದೆ. ಆದರೆ ಅವರು ಒಂದು ಪೈಸೆ ಕೇಳಲಿಲ್ಲ, ಒಂದು ದಿನವೂ ನಾನು ಬರುವ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ. ಯಾಕಿಷ್ಟು ಎಂದು ಒಮ್ಮೆ ಕೇಳಿದ್ದಕ್ಕೆ, ಅವರ ಹಾಳೆಯೊಂದರಲ್ಲಿ ಸ್ವಿಚ್ಚು ಆರಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ ಎಂಬ ಮಾತು ಬಿಟ್ಟುಹೋಗಿ ಕೇರಳದ ಒಬ್ಬನ ಎರಡು ಬೆರಳು ಹೋದದ್ದನ್ನು ಹೇಳಿದರು. ಹೇಳಿ, ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ನಮ್ಮ ನಿಜವಾದ ಜಗಳ ಏಳನೆಯ ಪುಟದ್ದು. ಹಮೀದಾಕ ಪ್ರತಿಯೊಂದು ಎಕ್ಸ್‌ಟೆನ್ಶನ್‌ಗೂ ‘ಇದು ಏನು ಮಾಡುವುದಿಲ್ಲ’ ಎಂಬ ಭಾಗವನ್ನು ಇಟ್ಟಿದ್ದರು. ಅಡಿಟಿಪ್ಪಣಿಯದ್ದಕ್ಕೆ ಅದು ಒಂದಿಡೀ ಪುಟ. ಅವರು ತಮ್ಮಷ್ಟಕ್ಕೆ ನೂರಾರು ಪದ್ಯ ಟೈಪು ಮಾಡಿ ಒಂದು ದೋಷ ಹಿಡಿದಿದ್ದರು: ಪದ್ಯ ಪುಟದ ಕೊನೆಯಲ್ಲಿ ತುಂಡಾಗಿ ಮುಂದಿನ ಪುಟಕ್ಕೆ ಹೋದರೆ ಅದರ ಟಿಪ್ಪಣಿ ಅಚ್ಚಾಗುವುದಿಲ್ಲ. ಯಂತ್ರ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಟಿಪ್ಪಣಿಗಳನ್ನು ಕೈಯಿಂದಲೇ ಎಣಿಸಿ ನೋಡಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ನನಗೆ ಮೈ ಉರಿಯಿತು. ಮಗಳ ಮದುವೆಯ ಕಾಗದದಲ್ಲಿ ಅವಳ ಹಲ್ಲು ಹುಳುಕು ಎಂದು ಯಾರಾದರೂ ಅಚ್ಚು ಹಾಕಿಸುತ್ತಾರೆಯೇ? ದೋಷವನ್ನು ಆಮೇಲೆ ಸರಿ ಮಾಡುತ್ತೇನೆ, ಈ ಪುಟ ಬೇಡ ಎಂದೆ.

“ಸರಿ ಮಾಡಿದ ಮೇಲೆ ತೆಗೆಯುವ. ಈಗ ಉಂಟಲ್ಲ?” ಎಂದರು ಹಮೀದಾಕ.

ನಾನು ಮತ್ತೆ ವಾದ ಮಾಡಲಿಲ್ಲ. ಪ್ರತಿ ತೆಗೆದುಕೊಂಡು ಮೂಡುಬಿದಿರೆಗೆ ಬಂದು, ಲ್ಯಾಬಿನಲ್ಲಿ ಕೂತು ಏಳನೆಯ ಪುಟವನ್ನು ತೆಗೆದುಹಾಕಿ, ಎಂಟನ್ನು ಏಳು ಮಾಡಿ ಕಳಿಸಿಬಿಟ್ಟೆ. ಅವಧಿಗೆ ಇನ್ನೂ ನಾಲ್ಕು ದಿನ ಇತ್ತು. ಅದೇ ಕೈಪಿಡಿಯನ್ನು ಸಿ.ಡಿ. ಜೊತೆ ಕಟ್ಟಿ ಹನ್ನೊಂದು ಪ್ರೆಸ್ಸುಗಳಿಗೆ ಕೊಡಿಸಿದೆ. ಮುಖಪುಟದಲ್ಲಿ ‘ಕೈಪಿಡಿ: ಹಮೀದ್, ಮೆಲ್ಕಾರ್’ ಎಂದಿತ್ತು. ಎರಡು ತಿಂಗಳಲ್ಲಿ ದೂರದೇಶದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅದನ್ನು ಅಚ್ಚು ಮಾಡಿ ಲ್ಯಾಬಿನ ಬಾಗಿಲಿಗೆ ಅಂಟಿಸಿದ್ದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆ. ದೋಷ ಸರಿ ಮಾಡುವ ಮಾತು ಹಾಗೆಯೇ ಮುಂದಕ್ಕೆ ಹೋಯಿತು.

ಮರುವರ್ಷ ಒಂದು ಶನಿವಾರ ನಾನು ಹಮೀದಾಕರ ಅಂಗಡಿಯಲ್ಲಿ ಚಹಾ ಕುಡಿಯುತ್ತಿರುವಾಗ ವಾಮದಪದವಿನ ಸುಗಂಧಿ ಟೀಚರ್ ಬಂದರು. ನಿವೃತ್ತ ಶಿಕ್ಷಕಿ. ಭತ್ತದ ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಹಾಡುವ ತುಳು ಹಾಡುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡು, ಗುರುವಾಯನಕೆರೆಯ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿದ್ದರು. ಪ್ರತಿ ಹಾಡಿನ ಅಡಿಟಿಪ್ಪಣಿಯಲ್ಲಿ ಅದನ್ನು ಹಾಡಿದವಳ ಹೆಸರು, ಮನೆ. ಪುಸ್ತಕದಲ್ಲಿ ಹತ್ತೊಂಬತ್ತು ಹೆಸರು ಇರಲಿಲ್ಲ. ಪ್ರೆಸ್ಸಿನವರು ಕೈಪಿಡಿಯಲ್ಲಿ ಇದ್ದಂತೆಯೇ ಮಾಡಿದ್ದೇವೆ, ಬರೆದವರನ್ನೇ ಕೇಳಿ ಎಂದು ಮೆಲ್ಕಾರಿಗೆ ಕಳಿಸಿದ್ದರು.

ಟೀಚರ್ ಜೋರು ಮಾಡಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿದರು: “ಅಪ್ಪಿ ಅಂತ ಒಬ್ಬಳು, ತೀರಿಹೋಗಿ ವರ್ಷ ಆಯ್ತು. ಅವಳ ಮಗಳಿಗೆ ಒಂದು ಪುಸ್ತಕ ಕೊಟ್ಟು ಬಂದೆ. ಅವಳು ಅಮ್ಮನ ಹೆಸರು ಹುಡುಕ್ತಾ ಕೂತಳು. ನಾನೆಂತ ಹೇಳುವುದು?”

ಹಮೀದಾಕ ಕಪಾಟಿನಿಂದ ಕೈಪಿಡಿಯ ಅಚ್ಚಾದ ಪ್ರತಿ ತೆಗೆದರು. ನಾನೇ ತಂದು ಕೊಟ್ಟದ್ದು. ತಾನು ಬರೆದದ್ದೇ ತಾನೆ ಎಂದು ಅವರು ಅದನ್ನು ಬಿಚ್ಚಿಯೂ ಇರಲಿಲ್ಲ. ಆರನೆಯ ಪುಟ, ಏಳನೆಯ ಪುಟ, ಮತ್ತೆ ಆರನೆಯ ಪುಟ. ನನ್ನ ಮುಖ ನೋಡಿದರು. ನಾನು ಗ್ಲಾಸಿನೊಳಗೆ ನೋಡಿದೆ. ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಬಾಯಿ ಬರಲಿಲ್ಲ. ಅವರು ಕುರ್ಚಿ ಎಳೆದು ಟೀಚರನ್ನು ಕೂರಿಸಿ, ಹತ್ತೊಂಬತ್ತು ಹೆಸರನ್ನೂ ಹೇಳಿಸಿ ಟೈಪು ಮಾಡಿದರು. ಚೀಟಿಗಳನ್ನು ಅಚ್ಚು ಮಾಡಿಸಿ ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಿಕೊಡುವುದಾಗಿ ಹೇಳಿ ಬಸ್ಸಿನವರೆಗೂ ಹೋಗಿ ಬಿಟ್ಟುಬಂದರು. ಬಂದವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

“ತೆಗೀತೇನೆ ಅಂತ ನನ್ನತ್ರ ಒಂದು ಮಾತು ಹೇಳಬಹುದಿತ್ತು ಮಾಷ್ಟ್ರೇ” ಎಂದರು. ಅಷ್ಟೇ.

ನಾನು ಆ ವಾರವೇ ಹಗಲೂ ರಾತ್ರಿ ಕೂತು ದೋಷ ಸರಿ ಮಾಡಿದೆ. ಹೊಸ ಸಿ.ಡಿ. ಹಿಡಿದುಕೊಂಡು ಹೋಗಿ, ಇನ್ನು ಆ ಪುಟವೇ ಬೇಕಾಗಿಲ್ಲ ಎಂದು ಹೆಮ್ಮೆಯಿಂದ ಹೇಳಿದರೆ, ಹಳೆಯ ಸಿ.ಡಿ. ಇಟ್ಟುಕೊಂಡವರು ಏನು ಮಾಡಬೇಕು ಎಂದು ಕೇಳಿದರು. ಪತ್ರ ಬರೆದು ಹಾಕುತ್ತೇನೆ ಎಂದೆ. ಪತ್ರವನ್ನು ಯಾರೂ ಕೈಪಿಡಿಯ ಒಳಗೆ ಇಡುವುದಿಲ್ಲ ಎಂದರು. ಈ ಮನುಷ್ಯನಿಗೆ ಎಷ್ಟು ಮಾಡಿದರೂ ಸಾಕಾಗುವುದಿಲ್ಲ ಎಂದು ನನಗೆ ಮತ್ತೆ ಸಿಟ್ಟೇ ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು. ಅದರಷ್ಟು ಕೆಟ್ಟ ಸಿಟ್ಟು ಬೇರೆ ಇಲ್ಲ. ಆಮೇಲೆ ಶನಿವಾರಗಳು ತಪ್ಪಿದವು.

ಕೊನೆಯ ಸಲ ಅವರನ್ನು ನೋಡಿದ್ದು ಬಂಟ್ವಾಳ ಪೇಟೆಯಲ್ಲಿ. ಸ್ವಲ್ಪ ಇಳಿದುಹೋಗಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಕಾಗದದ ಕಟ್ಟು, ಒಂದು ಗೋಂದಿನ ಬಾಟಲಿ. ಆ ಏಳನೆಯ ಪುಟವನ್ನು ಅಚ್ಚು ಮಾಡಿಸಿಕೊಂಡು, ಪ್ರೆಸ್ಸಿನಿಂದ ಪ್ರೆಸ್ಸಿಗೆ ಬಸ್ಸಿನಲ್ಲಿ ಹೋಗಿ ತಾವೇ ಅಂಟಿಸಿ ಬರುತ್ತಿದ್ದರು. ಎದೆನೋವಿನ ಮದ್ದು ತಿನ್ನುವವರಿಗೆ ಇದೆಂಥ ಹಠ, ಇದನ್ನೆಲ್ಲ ಯಾರು ಓದುತ್ತಾರೆ ಎಂದು ನಾನು ರೇಗಿದೆ.

“ಓದದಿದ್ರೆ ಬೇಡ. ಬೇಕಾದ ದಿನ ಅದು ಅಲ್ಲಿ ಇರ್ಬೇಕಲ್ಲ?” ಎಂದು ಬಸ್ಸು ಹತ್ತಿದರು. ಎರಡು ತಿಂಗಳಿಗೆ ತೀರಿಕೊಂಡ ಸುದ್ದಿ ಬಂತು. ನನಗೆ ತಿಳಿಯುವಾಗ ದಫನವೂ ಮುಗಿದಿತ್ತು.

ಅದಾಗಿ ಒಂದು ವರ್ಷದ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸಕ್ಕೆಂದು ಗುರುವಾಯನಕೆರೆಯ ಆ ಪ್ರೆಸ್ಸಿಗೇ ಹೋಗಬೇಕಾಯಿತು. ಮಾತಿನ ನಡುವೆ ಮಾಲಕರು ಕಪಾಟಿನಿಂದ ಕೈಪಿಡಿ ತೆಗೆದರು. ಬಿಡಿಸಿದರೆ ಆರನೆಯ ಪುಟಕ್ಕೆ ಅಂಟಿಕೊಂಡು ಏಳನೆಯದು, ಎಲ್ಲಿಯೂ ಸುಕ್ಕಿಲ್ಲದ ಹಾಗೆ. ಅಡಿಯಲ್ಲಿ ಆ ಮುತ್ತಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಈ ಪುಟ ಮೊದಲು ಕೊಟ್ಟ ಪ್ರತಿಯಲ್ಲಿ ಇರಲಿಲ್ಲ. ತಪ್ಪು ನನ್ನದು. ಹಮೀದ್.’

“ಪಾಪ, ಅಷ್ಟು ಜಾಗ್ರತೆಯ ಮನುಷ್ಯ. ಅವರಿಂದಲೂ ಹೀಗಾಯ್ತು ನೋಡಿ” ಎಂದರು ಮಾಲಕರು.

‘ಸುಲಭ’ ಎಂಬ ಒಂದು ಶಬ್ದಕ್ಕೆ ಅರ್ಧ ದಿನ ಕೂರಿಸಿದ ಮನುಷ್ಯ. ಅವರು ಬರೆದದ್ದರಲ್ಲಿ ನಾನು ಕಂಡ ಸುಳ್ಳು ಇದೊಂದೇ, ಅದನ್ನು ಹನ್ನೊಂದು ಪ್ರೆಸ್ಸಿಗೆ ಹನ್ನೊಂದು ಸಲ ಬರೆದಿರಬೇಕು. ಮಾಲಕರ ಹತ್ತಿರ ಪೆನ್ನು ಕೇಳಿದೆ. ಹಮೀದಾಕರ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದು, ಏನಾಯಿತೆಂದು ಮಾಲಕರಿಗೆ ಹೇಳಿದೆ. ಅವರು ಪೆನ್ನು ವಾಪಸು ತೆಗೆದುಕೊಂಡರು. ಹೊರಗೆ ಬಂದು ಬೆಳ್ತಂಗಡಿಯ ಬಸ್ಸಿಗೆ ನಿಂತೆ. ಆ ಹನ್ನೊಂದರಲ್ಲಿ ಇನ್ನೆರಡು ಪ್ರೆಸ್ಸುಗಳು ಅಲ್ಲಿದ್ದವು.