ಜಾವಾದಲ್ಲಿ ಆಡಿನ ಹಾಲಿನ ಚಹಾ

ಇಂಡೋನೇಷ್ಯಾದ ಈ ಸಣ್ಣ ಹಳ್ಳಿಯವರು ಬೆಳಿಗ್ಗೆ ಚಹಾಕ್ಕೆ ಸೀತಿ ಎಂಬ ಹೆಂಗಸಿನ ಅಂಗಡಿಗೆ ಬರುತ್ತಾರೆ. ಕಪ್ಪು ಚಹಾಕ್ಕೆ ಸಕ್ಕರೆ ಧಾರಾಳ. ಹಾಲು ಹಾಕುವ ಪದ್ಧತಿಯೇ ಇಲ್ಲ. ಇಲ್ಲಿಗೆ ಸೊಸೆಯಾಗಿ ಬಂದ ನನ್ನ ತಂಗಿಯ ಮಗಳು ಶರಣಮ್ಮ ಅದನ್ನು ವಿಚಾರಿಸದೆ, ಉಳಿತಾಯವನ್ನೆಲ್ಲ ಹಾಕಿ ಆಡುಗಳನ್ನು ಕೊಂಡಿದ್ದಾಳೆ. ನಮ್ಮೂರು ಭಾಲ್ಕಿಯ ಹೋಟೆಲಿನವರಂತೆ ಇಲ್ಲಿಯವರೂ ಹಾಲಿಗೆ ಕಾಯುತ್ತಾರೆಂದು ನಂಬಿದ್ದಳು.

ಇಂದು ಆಡಿನ ಹಾಲಿನ ಚೊಂಬು ಹಿಡಿದು, ಅವಳನ್ನು ನೋಡಲು ಊರಿಂದ ಬಂದಿದ್ದ ನನ್ನನ್ನೂ ಅಂಗಡಿಗೆ ಕರೆದೊಯ್ದಳು.

“ಮಾಮಾ, ಚಹಾ ನೀವ ಮಾಡ್ರಿ. ನಾ ಮಾಡಿದ್ರ ನಗ್ತಾರ. ಹಿರ್ಯಾರು ಕೊಟ್ರ ಬ್ಯಾಡ ಅನ್ನಂಗಿಲ್ಲ.”

“ಪರೀಕ್ಷಾ ಚಹಾದ್ದೋ, ನಂದೋ?” ಎಂದು ಕೇಳುತ್ತ ಶುಂಠಿ ಜಜ್ಜಿದೆ.

ಸೀತಿ ಲೋಟವನ್ನು ಮೂಸಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

“ಏನಂದ್ರವ್ವ?”

“ಮರೀ ಹಾಲು ಕಸ್ಕೊಂಡು ಮುದುಕರಿಗಿ ಕುಡಸ್ತೀ ಏನು ಅಂತಾರ್ರಿ.” ಶರಣಮ್ಮನ ಮುಖ ಸಣ್ಣದಾಯಿತು.

ಆದರೂ ಸೀತಿ ಪೂರ್ತಿ ಕುಡಿದರು. ಮರಿಗಳು ಕುಡಿದು ಉಳಿದ ಹಾಲನ್ನು ನಾಳೆ ತಾ, ನನಗೊಬ್ಬಳಿಗಾಗುವಷ್ಟು ಸಾಕು ಎಂದರು. ಬೆಂಚಿನವರು ಯಾರೂ ಹಾಲಿನ ಚಹಾ ಕೇಳಲಿಲ್ಲ.

“ಒಬ್ರ ಗಿರಾಕಿ ಆಗ್ಯಾರ. ಹೊಸಾ ಆಡು ಈಗ ತರಬ್ಯಾಡವ್ವ,” ಎಂದೆ ದಾರಿಯಲ್ಲಿ.

“ಹೂಂರಿ, ಮಾಮಾ.”

ಮನೆ ಮುಟ್ಟಿದವಳೇ ಹಿತ್ತಲಿಗೆ ಹೋಗಿ, ತಾಯಿಯಿಂದ ದೂರ ಕಟ್ಟಿದ್ದ ಮರಿಗಳ ಹಗ್ಗ ಬಿಚ್ಚಿದಳು. ಅವು ಓಡಿಹೋಗಿ ಮಂಡಿಯೂರಿ ಕುಡಿಯತೊಡಗಿದವು. ಶರಣಮ್ಮ ಪಕ್ಕದಲ್ಲೇ ಕುಳಿತು, ಅವುಗಳಿಗೆ ಸಾಕೆನಿಸುವವರೆಗೂ ಕಾದಳು.